ಸಾಣಿಸಿದ ಮಣ್ಣು

ನಮ್ಮ ಅತ್ತೆಯ ಹಿಮ್ಮಡಿಯ ಸೀಳುಗಳಲ್ಲಿ ನಮ್ಮೂರು ವಾಗದರಿಯ ಕರಿಮಣ್ಣು ಖಾಯಂ ಮನೆ ಮಾಡಿತ್ತು. ಮದುವೆ ಮುಂಜಿಗೆ ಹೊರಡುವ ದಿನ ಬಚ್ಚಲಲ್ಲಿ ಕೂತು ಹಂಚಿನ ಚೂರಿನಿಂದ ತಿಕ್ಕಿಯೇ ತಿಕ್ಕುವರು. ಹೋಗದಿದ್ದರೆ ಸೀರೆಯ ಅಂಚನ್ನು ನೆಲಕ್ಕೆ ಇಳಿಬಿಟ್ಟು ಮುಚ್ಚುವರು. "ನಾಕು ಮಂದ್ಯಾಗ ನಮ್ಮದು ಛಂದ ಕಾಣಬೇಕವಾ" ಎನ್ನುವುದು ಅವರ ಮಾತು. ಉಬ್ಬಿದ ರೊಟ್ಟಿ ಬೀಗರ ತಾಟಿಗೆ, ಸುಟ್ಟದ್ದು ತಮ್ಮ ತಾಟಿಗೆ.

ನಾನು ಸೊಲ್ಲಾಪುರದ ಕಿರಾಣಿ ವ್ಯಾಪಾರಿಯ ಮಗಳು. ಎಪ್ಪತ್ತರ ದಶಕದ ನಡುವೆ ಆ ಮನೆಗೆ ಸೊಸೆಯಾಗಿ ಹೋದಾಗ ಹೊಲವೆಂದರೆ ಜೋಳ ಬರುವ ಜಾಗ ಎಂಬುದಷ್ಟೇ ನನಗೆ ಗೊತ್ತಿತ್ತು. ಸರಕಾರದ ಕಾಗದವೆಲ್ಲ ಮರಾಠಿಯಲ್ಲೇ ಬರುವ ಆ ಊರಲ್ಲಿ, ಮರಾಠಿ ಓದಲು ಬರುತ್ತದೆಂಬ ಒಂದೇ ಕಾರಣಕ್ಕೆ ಅತ್ತೆ ನನ್ನನ್ನು ತಲೆ ಮೇಲೆ ಹೊತ್ತು ಮೆರೆಸಿದರು.

ಆಗ ಯೂರಿಯಾ ಚೀಲ ಸಿಗುವುದೇ ಕಷ್ಟವಾಗಿತ್ತು. ಮೊದಲು ಗೊಬ್ಬರ ಹಾಕಿರೆಂದು ಬೆನ್ನು ಹತ್ತಿದ್ದ ಸರಕಾರವೇ ಈಗ, ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಹಾಕಿ ಎನ್ನತೊಡಗಿತ್ತು. ಹೊಸದಾಗಿ ಬಂದ ಗ್ರಾಮಸೇವಕ, ಮರವಡೆ ಕಡೆಯ ತರುಣ, ಮನೆ ಮನೆಗೆ ಬಟ್ಟೆಯ ಚೀಲ ಕೊಟ್ಟು, ಹೊಲದ ಎಂಟು ಕಡೆಯಿಂದ ಮಣ್ಣು ತೆಗೆಯಲು ಹೇಳಿ ಹೋದ. ಊರಲ್ಲಿ ಮೊದಲು ಒಪ್ಪಿದವರು ನಮ್ಮತ್ತೆ.

"ಸರಕಾರಕ್ಕ ಕಳಸೂದು, ಹ್ಯಾಂಗರ ಇದ್ದದ್ದು ಕೊಡಬಾರದು" ಎಂದು ಹೊಲದಲ್ಲಿ ನಿಂತು ಯೋಚಿಸಿದರು. "ದನಾ ಕಟ್ಟೂ ಜಾಗಾದಾಗ ಛಲೋ ಅದ ನೋಡ್ರಿ ಅತ್ತಿ" ಎಂದು ತೋರಿಸಿದವಳು ನಾನು. ಜಾಣೆ ಎನ್ನಿಸಿಕೊಳ್ಳುವ ಚಪಲ. ವರ್ಷಗಟ್ಟಲೆ ಸಗಣಿ ಗಂಜಲ ಕುಡಿದ ಮಣ್ಣು ಅದು. ಅತ್ತೆ ಅಲ್ಲಿಂದಲೇ ಅಗೆದು ತಂದು, ಹಿಟ್ಟು ಜರಡಿ ಹಿಡಿಯುವ ಸಾಣಿಗೆಯಲ್ಲಿ ಸಾಣಿಸಿ, ಕಸಕಡ್ಡಿ ಆರಿಸಿ ಕಳಿಸಿದರು.

ಸೊಲ್ಲಾಪುರದಿಂದ ಮರಾಠಿ ಕಾಗದ ಬಂತು: 'ಖತಾಚಿ ಗರಜ ನಾಹಿ', ಗೊಬ್ಬರದ ಅಗತ್ಯವಿಲ್ಲ. ಅತ್ತೆ ಮೂರು ಸಲ ಓದಿಸಿದರು. ನೀರಿಗೆ ಹೋದಲ್ಲೆಲ್ಲ "ನಮ್ಮ ಹೊಲಕ್ಕ ಗರಜ ನಾಹಿ" ಎಂದು ಸಾರಿ ಬಂದರು. ಆ ಹಂಗಾಮಿನಲ್ಲಿ ನಾವು ಒಂದು ಹಿಡಿ ಗೊಬ್ಬರವನ್ನೂ ಹಾಕಲಿಲ್ಲ. ಜೋಳ ಮೊಣಕಾಲ ತನಕ ಬಂದು ಹಳದಿಯಾಗಿ ನಿಂತಿತು.

ನಮ್ಮ ಹೊಲ ನೋಡಿದ ಊರು ಗ್ರಾಮಸೇವಕನ ಮೇಲೆ ತಿರುಗಿಬಿತ್ತು. "ಗೊಬ್ಬರದ ಚೀಲ ಕೊಡೂದು ಆಗೂದಿಲ್ಲ, ಅದಕ್ಕ ಕಾಗದ ಕೊಡತೀರಿ" ಎಂದು ಚಾವಡಿಯಲ್ಲಿ ಹಿಡಿದು ನಿಲ್ಲಿಸಿದರು. ಅವನನ್ನು ಎತ್ತಂಗಡಿ ಮಾಡಿಸಲು ಅರ್ಜಿ ಬರೆಯುವ ಮಾತೂ ನಡೆಯಿತು. ಸುದ್ದಿ ಕೇಳಿ ಅತ್ತೆಯ ಮುಖ ಇಳಿಯಿತು. ಎಂಟು ಕಡೆಯಿಂದ ಎಂದು ಅವನು ಹೇಳಿದ್ದು ಅವರಿಗೆ ಆಗ ನೆನಪಾಗಿತ್ತು.

"ಸುಮ್ನಿರ್ರಿ ಅತ್ತಿ, ಯಾರಿಗೂ ಗೊತ್ತಿಲ್ಲ" ಎಂದೆ.

"ನನಗ ಗೊತ್ತದಲ್ಲ. ಪಾಪ, ಆ ಹುಡುಗ ಬೈಸಿಕೊಳ್ಳಾಕತ್ಯಾನ."

ಚಾವಡಿಯ ಮುಂದೆ ಸೆರಗು ಎಳೆದುಕೊಂಡು ಸರಸರ ದಾಟುತ್ತಿದ್ದವರು ಅಂದು ಗಂಡಸರ ನಡುವೆ ಹೋಗಿ ನಿಂತರು. ನಾನು ಅವರ ಹಿಂದೆ. "ಕಾಗದ ಖರೇನ ಹೇಳ್ಯದ್ರಿ. ಮಣ್ಣ ಖೋಟಾ ಇತ್ತು. ದನಾ ಕಟ್ಟೂ ಜಾಗಾದ್ದು ಸಾಣಸಿ ಕಳಿಸಿದಾಕಿ ನಾ. ಅವನ್ನ ಬಿಡ್ರಿ" ಎಂದರು. ನನ್ನ ಹೆಸರು ಅವರ ಬಾಯಿಗೆ ಬರಲಿಲ್ಲ. ಗಂಡಸರು ಹೊಟ್ಟೆ ಹಿಡಿದು ನಕ್ಕರು. ನಗು ಮುಗಿಯುವ ತನಕ ಅತ್ತೆ ಅಲ್ಲೇ ನಿಂತಿದ್ದರು. ನಾನು ತಲೆ ಎತ್ತಲಿಲ್ಲ.

ಮುಂದಿನ ಬೇಸಿಗೆ ಎಂಟು ಕಡೆ ಅಗೆದರು, ಕಲ್ಲು ತುಂಬಿದ ಮೂಲೆಯನ್ನೂ ಬಿಡಲಿಲ್ಲ. ಕಾಗದ ಹೇಳಿದ ಗೊಬ್ಬರ ನಾವು ಮೊದಲು ಹಾಕುತ್ತಿದ್ದುದರ ಅರ್ಧ. ಜೋಳ ತಲೆ ಮೀರಿ ಬೆಳೆಯಿತು. ಊರು ಮಣ್ಣಿನ ಚೀಲ ಹಿಡಿದು ಗ್ರಾಮಸೇವಕನ ಬೆನ್ನು ಹತ್ತಿತು. ಅತ್ತೆಗೆ ಮಾತ್ರ 'ಸರಕಾರಕ್ಕ ಮಣ್ಣ ಸಾಣಿಸಿದಾಕಿ' ಎಂಬ ಹೆಸರು ಅಂಟಿಕೊಂಡುಬಿಟ್ಟಿತು. ಮನೆಯಲ್ಲಿ, ನನ್ನ ಗಂಡನ ಮುಂದೆಯೂ, ಅವರು ನನ್ನ ಪಾಲಿನ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಅವರಿಲ್ಲದ ಅಡುಗೆಮನೆ ನನಗೆ ಇನ್ನೂ ರೂಢಿಯಾಗಿಲ್ಲ. ಒಂದೇ ಒಂದು ಸಲ ಅವರು ನನ್ನನ್ನು ಬೈದಿದ್ದರೆ ಎಷ್ಟು ಹಗುರಾಗುತ್ತಿತ್ತು.

ಅವರು ತೀರಿಕೊಂಡ ದಿನ ಅಂಗಳದಲ್ಲಿ ಕೂತಿದ್ದ ಹಿರಿಯರೊಬ್ಬರು ಅದೇ ಕಥೆ ಎತ್ತಿ, ಅಳುತ್ತಲೇ ನಕ್ಕರು. ನನಗೆ ತಡೆಯಲಾಗಲಿಲ್ಲ. "ಆ ಜಾಗಾ ತೋರಿಸಿದಾಕಿ ನಾನ್ರಿ, ಅತ್ತಿ ಅಲ್ಲ" ಎಂದೆ.

ಆ ಹಿರಿಯರು ಕಣ್ಣೊರೆಸಿಕೊಂಡರು. "ನೋಡ್ರಿ, ಸತ್ತ ಅತ್ತಿ ಮಾನ ಉಳಸಾಕ ತಪ್ಪ ತನ್ನ ಮ್ಯಾಲ ಹಾಕ್ಕೊಳ್ಳಾಕತ್ಯಾಳ. ಇಂಥಾ ಸೊಸಿ ಯಾರಿಗೆ ಸಿಗತಾಳ?"

ಸುತ್ತಲಿದ್ದವರೆಲ್ಲ ಹೌದೆಂದು ತಲೆಯಾಡಿಸಿದರು.