ಅಟ್ಟದ ಕಾಯಿ ಮತ್ತು ಗಿರಿಜೆಯ ಮಾತು

ಇವತ್ತು ಅಂಗಡಿಯಲ್ಲಿ ಕೊಬ್ಬರಿಯ ವಾಸನೆ ಮೂಗಿಗೆ ಬಡಿದಾಗ, ತಿಪಟೂರಿನ ಹತ್ತಿರದ ನಮ್ಮ ಮನೆಯ ಅಟ್ಟ ನೆನಪಾಗಿ ಸಿಟ್ಟೇ ಬಂತು.

ಐದು ವರ್ಷವಾದರೂ ತಂಗಿ ಗಿರಿಜೆಗೆ ಮಾತು ಬಂದಿರಲಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ಕೊಬ್ಬರಿಯಾಗಲೆಂದು ಅಟ್ಟದಲ್ಲಿಟ್ಟ ತೆಂಗಿನಕಾಯಿಗಳನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗೆ ಒಣಗಿ ಗಡಗಡ ಅನ್ನುವುದನ್ನು ತಪ್ಪದೆ ಬೇರೆ ಇಡುತ್ತಿದ್ದಳು.

"ಡಾಕ್ಟ್ರಿಗೆ ತೋರ್ಸಾಣ ಅತ್ತೆ" ಎಂದು ಅಮ್ಮ ಗೋಗರೆದರೆ ಅಜ್ಜಿಯದು ಒಂದೇ ಉತ್ತರ: "ಕಾಯಿ ಕೊಬ್ರಿ ಆಗಾಕೇ ವರ್ಷ ಬೇಕು ಕಣೇ. ಮಾತು ತಾನಾಗೇ ಬತ್ತದೆ, ಬುಡು."

ಅಪ್ಪನೂ ಹೂಂ ಅಂದರು. ಕಾಯಿಗಳನ್ನಾದರೂ ಆಗಾಗ ಅಟ್ಟ ಹತ್ತಿ ನೋಡುತ್ತಿದ್ದರು. ಮಗಳನ್ನು ಒಮ್ಮೆಯೂ ಯಾರಿಗೂ ತೋರಿಸಲಿಲ್ಲ.

ಗಿರಿಜೆಗೀಗ ತಲೆ ನರೆತಿದೆ, ಮಾತು ಬಂದಿಲ್ಲ. ಇವತ್ತು ನಾನು ಅಂಗಡಿಯಿಂದ ತಂದ ಕಾಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದಳು. ಇನ್ನೂ ಕೊಬ್ಬರಿ ಆಗಿಲ್ಲವೆಂಬಂತೆ ನನ್ನ ಕೈಗೇ ವಾಪಸ್ ಇಟ್ಟಳು.