ಎದುರುಮನೆಯ ಫ್ಯೂಸು

1957ರ ಮೇ ತಿಂಗಳ ಒಂದು ಭಾನುವಾರ ಸಂಜೆ, ರಾಜಾಜಿನಗರದ ನಮ್ಮ ಮನೆಯ ಮುಂದೆ, ನನ್ನ ತಂಗಿಯ ಆರತಕ್ಷತೆಗೆಂದು ಹಾಕಿದ್ದ ಬಣ್ಣದ ದೀಪಗಳೆಲ್ಲ ಒಟ್ಟಿಗೆ ಆರಿದವು. ಫ್ಯೂಸು ಕಿತ್ತವರು ಎದುರುಮನೆಯ ಅಕ್ಕ. ಅವರು ಕೀಳುವಾಗ ನಾನು ಪಕ್ಕದಲ್ಲೇ ನಿಂತಿದ್ದೆ.

ಫ್ಯೂಸು ಹಿಡಿದ ಕೈಯ ಹೆಬ್ಬೆರಳು ಕೆಂಪಗಿತ್ತು, ತೋರುಬೆರಳು ಹಸಿರು. ಉಗುರಿನ ಸಂದಿಯಲ್ಲಿ ಹಳದಿ. ಅದು ಆ ದಿನದ ಬಣ್ಣವಲ್ಲ. ನಾನು ಕಂಡ ದಿನದಿಂದಲೂ ಅವರ ಬೆರಳುಗಳು ಹಾಗೆಯೇ ಇದ್ದವು. ಬಲ್ಬಿನ ಬುಡ ಹಿಡಿದು, ಗಾಜನ್ನು ಬಣ್ಣದ ಡಬ್ಬದಲ್ಲಿ ಅದ್ದಿ, ಹಗ್ಗಕ್ಕೆ ತೂಗುಹಾಕಿ ಒಣಗಿಸುವುದು ಅವರ ಕೆಲಸ. ಸೀಮೆಎಣ್ಣೆ ಹಚ್ಚಿ ಉಜ್ಜಿದರೂ ಬಣ್ಣ ಪೂರ್ತಿ ಹೋಗುತ್ತಿರಲಿಲ್ಲ. ಹಣೆಯಲ್ಲಿ ಕುಂಕುಮವಿಲ್ಲ, ಕೈಯಲ್ಲಿ ಬಳೆಯಿಲ್ಲ, ಬೆರಳು ಮಾತ್ರ ಓಕುಳಿ ಆಡಿ ಬಂದವರ ಹಾಗೆ.

ಅವರ ಗಂಡ ಮದುವೆ, ಉತ್ಸವಗಳಿಗೆ ದೀಪ ಬಾಡಿಗೆಗೆ ಕೊಡುತ್ತಿದ್ದರು. ನಾವು ಆ ಬೀದಿಗೆ ಬಂದ ವರ್ಷವೇ ಜ್ವರ ಬಂದು ತೀರಿಕೊಂಡರು. ಸಾಮಾನನ್ನೆಲ್ಲ ಮಾರಿಬಿಡೋಣ ಎಂದು ಮೈದುನ ಹೇಳಿದಾಗ ಅಕ್ಕ ಬಲ್ಬಿನ ಪೆಟ್ಟಿಗೆಗಳನ್ನು ಹಜಾರಕ್ಕೆ ತಂದಿಟ್ಟು, ಅದನ್ನೇ ಅಂಗಡಿ ಮಾಡಿದರು. ಕಂಬ ಹತ್ತುವುದು ಮೈದುನನ ಕೆಲಸ, ಉಳಿದದ್ದೆಲ್ಲ ಅಕ್ಕನದು. ಕೆಲಸ ಮುಗಿದ ಮೇಲೆ ವೈರಿನ ಒಂದೊಂದು ಗಂಟನ್ನೂ ತಾವೇ ನೋಡಿ, ಬೆರಳಲ್ಲಿ ಒತ್ತಿ, ಆಮೇಲಷ್ಟೇ ಫ್ಯೂಸು ಹಾಕುತ್ತಿದ್ದರು. ಯಾರು ಆತುರಪಡಿಸಿದರೂ ಒಂದೇ ಮಾತು: "ನಾನು ನೋಡ್ದೆ ಫ್ಯೂಸ್ ಹಾಕಲ್ಲ."

ನಾನು ಆಗ ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದೆ. ಅಕ್ಕ ನನ್ನನ್ನು ಪೇಪರಪ್ಪ ಎನ್ನುತ್ತಿದ್ದರು. "ಏನ್ ಪೇಪರಪ್ಪ, ಇವತ್ತು ಬದುಕಿರೋರಲ್ಲಿ ಯಾರನ್ನ ಸಾಯಿಸಿದ್ರಿ?" ಎಂದು ಬೀದಿಯಲ್ಲಿ ನಿಲ್ಲಿಸಿ ಕೇಳುತ್ತಿದ್ದರು. ನಮ್ಮ ಪತ್ರಿಕೆ ಒಮ್ಮೆ ಬದುಕಿದ್ದವರೊಬ್ಬರ ಸಾವಿನ ಸುದ್ದಿ ಅಚ್ಚುಮಾಡಿದ್ದುಂಟು. ಅಚ್ಚಾಗುವ ಮುನ್ನ ಹೋಗಿ ನೋಡಿಬರಬೇಕೆಂಬುದನ್ನು ನಾನು ಸಂಪಾದಕರಿಂದ ಕಲಿತೆನೋ ಅಕ್ಕನಿಂದಲೋ ಹೇಳುವುದು ಕಷ್ಟ.

ದೀಪದ ವಿಷಯದಲ್ಲಿ ಅವರಿಗೆ ಗಟ್ಟಿಯಾದ ಅಭಿಪ್ರಾಯಗಳಿದ್ದವು. ದೀಪ ಇರುವುದು ದೀಪ ನೋಡಲಿಕ್ಕಲ್ಲ, ಮನುಷ್ಯರ ಮುಖ ನೋಡಲಿಕ್ಕೆ. ಹುಡುಗಿ ಕೂರುವ ಜಾಗದ ಹತ್ತಿರ ಹಳದಿ ಇರಬೇಕು, ಕೆಂಪು ಹಿಂದೆ ಸರಿಯಬೇಕು, ಊಟದ ಪಂಕ್ತಿಯ ಮೇಲೆ ಹಸಿರು ಹಾಕಲೇಬಾರದು. "ಹಸಿರು ದೀಪದಡಿ ಅನ್ನ ಇಕ್ಕಿದ್ರೆ ಹಳಸಿದಂಗೆ ಕಾಣ್ತದೆ. ತಿನ್ನೋನು ಬಾಯಿ ಬಿಟ್ಟು ಹೇಳಲ್ಲ, ಎಲೆ ಮಡಚಿ ಎದ್ದೋಗ್ತಾನೆ."

ಇಷ್ಟು ತಿಳಿದಿದ್ದರೂ ಗಂಡ ಹೋದಮೇಲೆ ಅವರಿಗೆ ಒಂದು ಮದುವೆಯೂ ಸಿಕ್ಕಿರಲಿಲ್ಲ. ಗಣೇಶನ ಚಪ್ಪರ, ರಾಮನವಮಿ, ಕಾರ್ಖಾನೆಗಳ ಆಯುಧಪೂಜೆ ಸಿಗುತ್ತಿದ್ದವು. ವರ್ಷದಲ್ಲಿ ಆ ಕೆಲವು ದಿನ ಬಿಟ್ಟರೆ ಪೆಟ್ಟಿಗೆ ತೆಗೆಯುವಂತಿರಲಿಲ್ಲ. ವಿಧವೆಯ ಕೈಯಿಂದ ಹತ್ತಿದ ದೀಪ ಮದುವೆಗೆ ಯಾರಿಗೂ ಬೇಕಿರಲಿಲ್ಲ. "ಒಂದು ಮದುವೆ, ಒಂದೇ ಒಂದು, ಒಂದ್ಸಲಾನೂ ದೀಪ ಆರ್ದಂಗೆ ಮಾಡಿಕೊಟ್ರೆ ಸಾಕು. ಆಮೇಲೆ ಜನ ತಾವೇ ಬರ್ತಾರೆ" ಎಂದು ಅಮ್ಮನ ಹತ್ತಿರ ಹೇಳಿಕೊಂಡಿದ್ದರು.

ತಂಗಿಯ ಮದುವೆ ಗೊತ್ತಾದಾಗ ಬೀಗರು, ಅಂದರೆ ಹುಡುಗನ ತಂದೆ, ಒಂದು ಮಾತು ಹೇಳಿ ಹೋದರು: "ಬೆಳಿಗ್ಗೆ ಮುಹೂರ್ತ ಹೆಂಗಾದ್ರೂ ಮಾಡ್ಕೊಳ್ಳಿ. ಸಾಯಂಕಾಲ ರಿಸೆಪ್ಷನ್‌ಗೆ ನಮ್ಮ ಆಫೀಸಿನ ದೊಡ್ಡೋರೆಲ್ಲ ಬರ್ತಾರೆ. ಲೈಟಿಂಗ್ಸ್‌ನಲ್ಲಿ ಮಾತ್ರ ನಮ್ಮ ಮರ್ಯಾದೆ ಉಳಿಸ್ಬೇಕು." ಅಮ್ಮ ಎದುರುಮನೆ ತೋರಿಸಿದಳು.

ಮೂಡಲಪಾಳ್ಯದಿಂದ ಬಂದಿದ್ದ ನಮ್ಮತ್ತೆ, ಅಪ್ಪನ ಅಕ್ಕ, ಒಪ್ಪಲಿಲ್ಲ. ಮನೆಯ ಶುಭಕಾರ್ಯಗಳೆಲ್ಲ ನಡೆಯುತ್ತಿದ್ದುದು ಅವರ ಮಾತಿನ ಮೇಲೆ. "ಗಂಡ ಸತ್ತೋಳ ಬೆರಳಿಗೆ ಅದೆಂಥ ಬಣ್ಣ ಕಣೇ? ಆಯಮ್ಮ ಚಪ್ಪರದೊಳಗೆ ಕಾಲಿಟ್ಟು, ನಾಳೆ ದೀಪ ಆರಿದ್ರೆ ಹುಡುಗಿ ಬಾಳಿಗೆ ಯಾರು ಹೊಣೆ?" ಎರಡು ದಿನದ ಜಗ್ಗಾಟದ ನಂತರ ರಾಜಿಯಾಯಿತು. ಅಕ್ಕ ಬಲ್ಬು ಸಿದ್ಧಮಾಡಿ ಕೊಡಬಹುದು. ಕಟ್ಟುವುದು ಮೈದುನ ಒಬ್ಬನೇ. ಅಕ್ಕ ಚಪ್ಪರದೊಳಕ್ಕೆ ಬರಕೂಡದು.

ಈ ಷರತ್ತನ್ನು ಅಮ್ಮ ಹೇಳಲಾರದೆ ಹೇಳಿದಳು. ಅಕ್ಕ ಬಲ್ಬು ಅದ್ದುತ್ತಲೇ ಕೇಳಿಸಿಕೊಂಡರು. "ಆಗ್ಲಿ. ಆದ್ರೆ ಗಂಟು ನೋಡ್ದೆ ನಾನು ಯಾವತ್ತೂ ಫ್ಯೂಸ್ ಹಾಕಿಲ್ಲ, ಅಷ್ಟು ಜ್ಞಾಪಕ ಇರ್ಲಿ" ಎಂದರು. ಮದುವೆ ಬೇಕಿತ್ತು. ಒಪ್ಪಿದರು.

ನಮ್ಮ ಮನೆಯ ಲೈನು ಅಷ್ಟು ದೀಪ ಹೊರುವಂತಿರಲಿಲ್ಲ. ಆದ್ದರಿಂದ ಕರೆಂಟು ಅಕ್ಕನ ಮನೆಯಿಂದಲೇ ಬರಬೇಕಿತ್ತು. ಮೈದುನ ರಸ್ತೆಯ ಮೇಲೆ ವೈರು ಎಳೆದು ತಂದು ಚಪ್ಪರದ ಮುಂದಿನ ಕಂಬಕ್ಕೆ ಬಿಗಿದರು. ಅದು ಹಾಲುಗಂಬ. ನಮ್ಮ ಕಡೆ ಚಪ್ಪರಕ್ಕೆ ಮೊದಲು ನೆಡುವುದು ಅದನ್ನೇ, ಅತ್ತಿಮರದ ಹಸಿ ಕೊಂಬೆ. ಮುತ್ತೈದೆಯರು ಅರಿಶಿನ ಹಚ್ಚಿ, ನವಧಾನ್ಯದ ಗಂಟು ಕಟ್ಟಿ, ಹಾಲೆರೆದು ಪೂಜಿಸುತ್ತಾರೆ. ಮೈದುನನ ಲೆಕ್ಕದಲ್ಲಿ ಆ ಪೂಜೆ ಮುಗಿದಿತ್ತು. ಅವರ ಮನೆತನದಲ್ಲಿ ಹಾಲೆರೆಯುವುದು ಚಪ್ಪರದ ದಿನ ಒಂದೇ ಸಲ. ನಮ್ಮಲ್ಲಿ ಹಾಗಲ್ಲ. ಮದುವೆಯ ಸಂಜೆ ದೀಪ ಹಚ್ಚಿದ ಮೇಲೆ ಹಿರಿಯ ಮುತ್ತೈದೆ ಮತ್ತೊಮ್ಮೆ ಎರೆಯಬೇಕು. ಆರತಕ್ಷತೆಗೆ ಕೂರುವ ಮುನ್ನ ಗಂಡುಹೆಣ್ಣು ಒಂದೇ ಚೊಂಬು ಹಿಡಿದು ಎರೆಯಬೇಕು. ಇದನ್ನು ಅವರು ಕೇಳಲಿಲ್ಲ, ನಮ್ಮವರು ಹೇಳಲಿಲ್ಲ. ಬಟ್ಟೆ ಸುತ್ತಿದ ಹಳೆಯ ವೈರನ್ನು ತೆಳು ಕಬ್ಬಿಣದ ತಂತಿಯಿಂದ ಹಸಿ ಕೊಂಬೆಗೆ ಬಿಗಿಯಾಗಿ ಸುತ್ತಿ ಕೆಳಗಿಳಿದರು.

ಮುಹೂರ್ತ ಸುಸೂತ್ರವಾಗಿ ಆಯಿತು. ಸಂಜೆ ಅಕ್ಕ ಗಂಟು ನೋಡದೆಯೇ ಫ್ಯೂಸು ಹಾಕಿದರು. ದೀಪ ಹತ್ತಿದಾಗ ಬೀದಿಯವರೆಲ್ಲ ಹೊರಗೆ ಬಂದು ನಿಂತರು. ಅಕ್ಕ ಮಾತ್ರ ತಮ್ಮ ಹಜಾರದ ಕಿಟಕಿಯಲ್ಲಿದ್ದರು. ಅತ್ತೆ ಮಣೆಯ ಮೇಲೆ ನಿಂತು ಹಾಲುಗಂಬಕ್ಕೆ ಹಾಲೆರೆದರು. ಎರೆಯುತ್ತಿದ್ದವರು ತಟ್ಟನೆ ಕೈ ಹಿಂತೆಗೆದುಕೊಂಡರು.

"ಕೈ ಜುಮ್ ಅಂತು ಕಣ್ರೇ. ಮನೆದೇವ್ರು ಬಂದವ್ಳೆ."

ಹೆಂಗಸರು ಕೈಮುಗಿದರು. ಯಾರೋ ಇನ್ನೊಂದು ಚೊಂಬು ಹಾಲು ತಂದು ಎರೆದರು. ಬುಡದಲ್ಲಿ ನೀರು ಚಿಮುಕಿಸಿ, ಮಣೆ ತೆಗೆದು, ರಂಗೋಲಿ ಇಟ್ಟರು. ಗಂಡುಹೆಣ್ಣನ್ನು ಕರೆಯಲು ಒಳಗೆ ಹೋದರು.

ಅಷ್ಟರಲ್ಲಿ ಬೀಗರು ನನ್ನನ್ನು ಕರೆದು, ವೇದಿಕೆಗೆ ಇನ್ನೊಂದು ಸಾಲು ನೀಲಿ ದೀಪ ಹಾಕಿಸಬೇಕೆಂದರು. ನಾನು ರಸ್ತೆ ದಾಟಿ ಹೋದೆ.

"ನೀಲಿ ಕೊಡಲ್ಲ ಅಂತ ಹೇಳು" ಎಂದರು ಅಕ್ಕ. "ಹುಡುಗಿ ಜ್ವರದಿಂದ ಎದ್ದು ಬಂದೋಳಂಗೆ ಕಾಣ್ತಾಳೆ. ಅದಿರ್ಲಿ ಪೇಪರಪ್ಪ, ಜನ ಏನಂತವ್ರೆ?"

"ಚೆನ್ನಾಗಿದೆ ಅಂತಾರೆ. ನಮ್ಮತ್ತೆಗಂತೂ ದೇವರೇ ಬಂದುಬಿಟ್ಟಿದೆ. ಹಾಲುಗಂಬಕ್ಕೆ ಹಾಲೆರೆಯುವಾಗ ಕೈ ಜುಮ್ ಅಂತಂತೆ."

ಅಕ್ಕ ನಗುತ್ತಿದ್ದರು. ನಗು ಅಲ್ಲೇ ನಿಂತಿತು.

"ಯಾವಾಗ?"

"ಈಗ. ದೀಪ ಹತ್ತಿದ ಮೇಲೆ."

"ವೈರು ಯಾವ ಕಂಬಕ್ಕೆ ಕಟ್ಟವ್ನೆ?"

"ಅದಕ್ಕೇ."

ಕಿಟಕಿಯಿಂದ ಹಾಲುಗಂಬ ನೇರವಾಗಿ ಕಾಣುತ್ತಿತ್ತು. ವಾಲಗ ಜೋರಾಗಿತ್ತು. ತಂಗಿ, ಪಕ್ಕದಲ್ಲಿ ಹುಡುಗ, ಇಬ್ಬರ ಕೈಯಲ್ಲೂ ಸೇರಿ ಒಂದು ಹಿತ್ತಾಳೆ ಚೊಂಬು, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಡೆದು ಬರುತ್ತಿದ್ದರು. ಕೂಗಿದ್ದರೆ ವಾಲಗದಲ್ಲಿ ಕೇಳುತ್ತಿರಲಿಲ್ಲ. ಓಡಿದ್ದರೆ ತಲುಪುತ್ತಿರಲಿಲ್ಲ. ಅಕ್ಕ ಗೋಡೆಯತ್ತ ತಿರುಗಿ, "ಮುಗೀತು ಬಿಡು" ಎಂದು ಫ್ಯೂಸು ಕಿತ್ತರು. ಮುಗಿದದ್ದು ಯಾವುದೆಂದು ನನಗೆ ಗೊತ್ತಿತ್ತು.

ಚಪ್ಪರ ಕತ್ತಲಾಯಿತು. ವಾಲಗ ನಿಂತಿತು. ಆ ನಿಶ್ಶಬ್ದದಲ್ಲಿ ಮೊದಲು ಕೇಳಿದ್ದು ಅತ್ತೆಯ ದನಿ: "ನಾನು ಹೇಳ್ಲಿಲ್ವಾ? ಬಡ್ಕೊಂಡೆ, ಯಾರು ಕೇಳಿದ್ರಿ?" ಮೈದುನ ಫ್ಯೂಸು ಸುಟ್ಟಿತೆಂದು ಹೊಸ ತಂತಿ ಹಿಡಿದು ಓಡಿಬಂದರು. ಅಕ್ಕ ಕಿತ್ತ ಫ್ಯೂಸನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಲಾಂದ್ರ ಹಿಡಿದು ರಸ್ತೆ ದಾಟಿದರು. ಚಪ್ಪರದ ಅಂಚಿಗೆ ಹಗ್ಗ ಕಟ್ಟಿತ್ತು. ಅದರ ಹೊರಗೇ ನಿಂತರು.

"ಕಂಬ ಮುಟ್ಬೇಡಿ. ಕಂಬಕ್ಕೆ ಕರೆಂಟ್ ಇಳಿದೈತೆ. ದೀಪ ಆರಿದ್ದಲ್ಲ, ನಾನೇ ತೆಗೆದಿದ್ದು."

ಬೀಗರು ಮುಂದೆ ಬಂದರು. ಅವರ ಆಫೀಸಿನವರು ಆಗಲೇ ಕುರ್ಚಿಗಳಲ್ಲಿದ್ದರು. "ಇಷ್ಟು ಜನರ ಮುಂದೆ ದೀಪ ತೆಗೆದು, ಈಗ ಕಥೆ ಹೇಳ್ತೀರಾ? ಒಳಗೆ ಬಿಟ್ಟುಕೊಳ್ಳಲಿಲ್ಲ ಅಂತ ಹೊಟ್ಟೆಕಿಚ್ಚಿಗೆ ಮಾಡಿದ್ದಲ್ಲ ಅನ್ನೋಕೆ ಏನು ಸಾಕ್ಷಿ?"

ಅಕ್ಕ ಎರಡು ವೈರು ಬಿಟ್ಟ ಒಂದು ಬಿಳಿ ಬಲ್ಬನ್ನು ಮನೆಯಿಂದ ತರಿಸಿ ನನ್ನ ಕೈಗೆ ಕೊಟ್ಟರು. "ಒಣಗಿದ ಮಣೆ ಮೇಲೆ ನಿಂತ್ಕೋ. ಒಂದು ತುದಿ ಕಂಬದ ಕಬ್ಬಿಣದ ತಂತಿಗೆ ಸಿಕ್ಸು, ಇನ್ನೊಂದು ನೆಲಕ್ಕೆ ಇಳಿದಿರೋ ನಲ್ಲಿ ಪೈಪಿಗೆ. ಬಲ್ಬಿನ ಬುಡ ಬಿಟ್ಟು ಬೇರೆ ಏನೂ ಮುಟ್ಬೇಡ." ಎಲ್ಲರನ್ನೂ ದೂರ ಸರಿಸಿ, ಸೆರಗಿನ ಗಂಟು ಬಿಚ್ಚಿ, ಫ್ಯೂಸನ್ನು ಮೈದುನನ ಕೈಗಿಟ್ಟು ಮನೆಗೆ ಕಳಿಸಿದರು.

ಚಪ್ಪರದ ದೀಪಗಳೆಲ್ಲ ಹತ್ತಿದವು. ಅವುಗಳ ಜೊತೆಗೆ, ಹಾಲುಗಂಬಕ್ಕಲ್ಲದೆ ಬೇರೆ ಯಾವ ಲೈನಿಗೂ ಸೇರಿಸದ ನನ್ನ ಕೈಯ ಬಿಳಿ ಬಲ್ಬೂ ಹತ್ತಿತು. ತಂಗಿಯ ಮುಖದ ಮೇಲೆ ಹಳದಿ ಬೆಳಕು ಬಿದ್ದಿತ್ತು. ಅಕ್ಕ ಹೇಳಿದಂತೆಯೇ ಕೆಂಪು ಹಿಂದೆ ಇತ್ತು. ಚೊಂಬು ಇನ್ನೂ ಅವಳ ಕೈಯಲ್ಲೇ ಇತ್ತು. ಅಕ್ಕ ಕೈಯೆತ್ತಿದರು. ಮತ್ತೆ ಕತ್ತಲೆ.

ಮೈದುನ ತಲೆ ತಗ್ಗಿಸಿ ಬಂದು ನಿಂತರು. ಬೀಗರು ದನಿ ತಗ್ಗಿಸಿ, "ಆದ್ರೂ ದೀಪ ಆರಿದ ಚಪ್ಪರದಿಂದ ಸೊಸೆ ಕರ್ಕೊಂಡು ಹೋಗೋದು ಹೆಂಗೆ?" ಎಂದರು.

ಮದುಮಗ ಮುಂದೆ ಬಂದ. "ಅಪ್ಪಾ, ಆರದೆ ಇದ್ದಿದ್ರೆ ಕರ್ಕೊಂಡು ಹೋಗೋಕೆ ನಾನೂ ಇರ್ತಿರಲಿಲ್ಲ" ಎಂದ.

ತಂಗಿ ಹಗ್ಗದ ಹತ್ತಿರ ಬಂದಳು. "ಅಕ್ಕ, ಒಳಗೆ ಬನ್ನಿ. ನೀವೇ ಬಿಚ್ಚಿ ಬೇರೆ ಕಡೆ ಕಟ್ಟಿಸಿ. ದೀಪ ಹಾಕಿ."

"ಕಟ್ಟಿಸ್ತೀನಿ ಕಣಮ್ಮ. ಇವನು ಕಟ್ಟಿದ್ದನ್ನ ಇವತ್ತು ನಾನು ನಂಬಲ್ಲ. ಇನ್ನ ನಾನು ನೋಡ್ದೆ ಫ್ಯೂಸ್ ಹಾಕಲ್ಲ. ನೋಡ್ಬೇಕಾದ್ರೆ ಒಳಗೆ ಬರ್ಬೇಕು." ಅಕ್ಕ ಅತ್ತೆಯ ಕಡೆ ತಿರುಗಿದರು. "ಬರ್ಬೇಡ ಅಂದೋರು ನೀವು. ನೀವು ಕರೀರಿ, ಬರ್ತೀನಿ."

ಎಲ್ಲರೂ ಅತ್ತೆಯನ್ನು ನೋಡಿದರು. ಅತ್ತೆ ಜುಮ್ ಎಂದಿದ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಅಪ್ಪ, "ಅಕ್ಕಯ್ಯ" ಎಂದರು. ವಾಲಗದವರು ವಾದ್ಯ ಕೆಳಗಿಟ್ಟರು.

ಅತ್ತೆ ಕರೆಯಲಿಲ್ಲ.

ಅಕ್ಕ ಸ್ವಲ್ಪ ಹೊತ್ತು ಕಾದರು. ಆಮೇಲೆ ಲಾಂದ್ರವನ್ನು ಹಗ್ಗದ ಪಕ್ಕದಲ್ಲಿ ಇಟ್ಟು, "ಇದಾದ್ರೂ ಇರ್ಲಿ, ಎಡವಿಬಿದ್ದೀರಿ" ಎಂದು ರಸ್ತೆ ದಾಟಿ ಬಾಗಿಲು ಹಾಕಿಕೊಂಡರು. ಅಪ್ಪ ಗ್ಯಾಸ್‌ಲೈಟುಗಳನ್ನು ತರಿಸಿದರು. ಆರತಕ್ಷತೆ ಅವುಗಳ ಬೆಳಕಿನಲ್ಲೇ ನಡೆಯಿತು. ಅತ್ತೆ ಬೇರೆಯವರ ಹಾಗೆಯೇ ಅಕ್ಷತೆ ಹಾಕಿದರು. ಮರುದಿನ ತಂಗಿ ಗಂಡನ ಮನೆಗೆ ಹೋದಳು.

ಅಕ್ಕನಿಗೆ ಆಮೇಲೆ ಯಾವ ಮದುವೆಯೂ ಬರಲಿಲ್ಲ. ಹಾಲುಗಂಬದ ಸಂಗತಿ ಕೇಳಿದವರು ಹೌದು ಹೌದು ಎನ್ನುತ್ತಿದ್ದರು, ದೀಪ ಆರಿದ ಸಂಗತಿಯನ್ನು ಮಾತ್ರ ಮನೆಗೆ ಒಯ್ಯುತ್ತಿದ್ದರು. ಗಣೇಶನ ಚಪ್ಪರ, ಆಯುಧಪೂಜೆಗಳಲ್ಲೇ ಅವರ ಜೀವನ ಸಾಗಿತು. ಮೈದುನ ಬೇರೆ ಕೆಲಸ ಹಿಡಿದ ಮೇಲೆ ತಾವೇ ಏಣಿ ಹತ್ತಿದರು. ತಂಗಿ ತವರಿಗೆ ಬಂದಾಗೆಲ್ಲ ಮೊದಲು ಎದುರುಮನೆಗೆ ಹೋಗಿ, ಆಮೇಲೆ ನಮ್ಮ ಮನೆಗೆ ಬರುತ್ತಿದ್ದಳು. ಒಮ್ಮೆ ನಾನು, ಅತ್ತೆ ಕರೆಯದೆ ಹೋದದ್ದಕ್ಕೆ ಬೇಸರವಿದೆಯೇ ಎಂದು ಅಕ್ಕನನ್ನು ಕೇಳಿದೆ. "ಕರೆದಿದ್ರೆ ಬೈಯೋಕೆ ಒಂದಷ್ಟು ಮಾತು ಇಟ್ಕೊಂಡಿದ್ದೆ. ಅವು ಹಂಗೇ ಉಳಿದ್ವು ನೋಡು" ಎಂದರು.

ಅತ್ತೆ ಆ ಸಂಜೆಯ ಮಾತನ್ನು ಮತ್ತೆ ಎತ್ತಲಿಲ್ಲ. ಕೆಲವು ವರ್ಷಗಳ ನಂತರ ಮೂಡಲಪಾಳ್ಯದ ಅವರ ಮನೆಯಲ್ಲೇ ಒಂದು ಮದುವೆ ನಡೆಯಿತು. ದೀಪದವರು ಬೇರೆಯವರು. ಅತ್ತೆ ಬೆಳಿಗ್ಗೆಯೇ ಎದ್ದು, ಹಾಲುಗಂಬದಿಂದ ದೂರಕ್ಕೆ ಒಂದು ಒಣ ಬಿದಿರು ನೆಡಿಸಿ, ವೈರನ್ನು ಅದಕ್ಕೇ ಕಟ್ಟಬೇಕೆಂದು ನಿಂತು ಕಟ್ಟಿಸಿದರು. ಯಾಕೆಂದು ಕೇಳಿದವರಿಗೆ, "ಹೇಳಿದಷ್ಟು ಮಾಡ್ರೋ" ಎಂದರು. ಆ ವಿಷಯ ನಾನು ಅಕ್ಕನಿಗೆ ತಿಳಿಸಿದೆ. "ಎಷ್ಟು ದೂರ?" ಎಂದಷ್ಟೇ ಕೇಳಿದರು. ಹೇಳಿದೆ. "ಸಾಕು" ಎಂದರು.

ಅಕ್ಕ ತೀರಿಕೊಂಡು ಬಹಳ ವರ್ಷಗಳಾದವು. ಮೈ ತೊಳೆದವರಲ್ಲಿ ನನ್ನ ತಂಗಿಯೂ ಇದ್ದಳು. ಬೆರಳಿನ ಬಣ್ಣ ಹೋಗಲಿಲ್ಲವೆಂದು ಬಂದು ಹೇಳಿದಳು.

ಹೋದ ತಿಂಗಳು, ಮೂಡಲಪಾಳ್ಯದಿಂದಾಚೆಯ ಬ್ಯಾಡರಹಳ್ಳಿಯಲ್ಲಿ ಒಂದು ಆರತಕ್ಷತೆಗೆ ಹೋಗಿದ್ದೆ. ನನಗೆ ಗುರುತಿಲ್ಲದ ಮನೆತನ, ಗುರುತಿಲ್ಲದ ದೀಪದವರು. ಹಾಲುಗಂಬದಿಂದ ಆಚೆ ಒಂದು ಒಣ ಬಿದಿರು ನೆಟ್ಟಿದ್ದರು. ವೈರು ಅದರ ಮೇಲೆ ಹೋಗಿತ್ತು. ಚಪ್ಪರದವನನ್ನು ಯಾಕೆಂದು ಕೇಳಿದೆ.

"ನಮ್ಮಪ್ಪನ ಕಾಲದಿಂದ ಹಂಗೇ ಸಾರ್" ಎಂದ. "ಈ ಕಡೆ ಪದ್ಧತಿ."