ಹಂಗಳದ ಡಾಕ್ಟರಮ್ಮನ ಕುಶಲೋಪರಿ

ಚಾಮರಾಜನಗರದಲ್ಲಿ ಗುಂಡ್ಲುಪೇಟೆ ಬಸ್ ಹತ್ತುವಾಗ ನನ್ನ ತಲೆಯಲ್ಲಿದ್ದದ್ದು ಒಂದೇ. ಅಕ್ಕನನ್ನು ಹಂಗಳದ ಡಾಕ್ಟರಮ್ಮನ ಕೈಯಿಂದ ಬಿಡಿಸಿಕೊಂಡು ಬರಬೇಕು. ಅಕ್ಕನ ಬಿಪಿ ಇಳಿಯುತ್ತಲೇ ಇರಲಿಲ್ಲ. ಹಿಂದಿನ ವಾರ ಕೊಟ್ಟಿಗೆಯಲ್ಲಿ ಕುಸಿದು ಬಿದ್ದಿದ್ದಳು. ನಾನು ತೋರಿಸಿದ್ದ ನಮ್ಮ ಚಾಮರಾಜನಗರ ಪೇಟೆಯ ಡಾಕ್ಟರು ಎರಡು ಸಲ ಮಾತ್ರೆಯ ಪವರ್ ಏರಿಸಿದ್ದರು. ಮತ್ತೆ ಏರಿಸಿ ಎಂದರೆ ಈ ಡಾಕ್ಟರಮ್ಮ ಮಾತ್ರ, ತಡೀರಿ ನೋಡೋಣ ಎನ್ನುತ್ತಿದ್ದರಂತೆ. ಏನನ್ನು ನೋಡುತ್ತಾರೆ? ಅಕ್ಕ ಇನ್ನೊಂದು ಸಲ ಬೀಳುವುದನ್ನೇ?

ತೆರಕಣಾಂಬಿ ದಾಟುವಾಗ ಮಳೆ ಹನಿಯಿತು. ನನ್ನ ಪಕ್ಕದ ಕಿಟಕಿ ಮುಚ್ಚಲು ಬರಲಿಲ್ಲ. ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದು ಊಟಿ ರಸ್ತೆಯ ಬಸ್ ಹತ್ತಿದೆ. ಪಕ್ಕದಲ್ಲಿದ್ದ ಹಂಗಳದ ಯಜಮಾನರೊಬ್ಬರನ್ನು ಡಾಕ್ಟರಮ್ಮನ ಬಗ್ಗೆ ಕೆದಕಿದೆ.

“ಒಳ್ಳೇವ್ರು ಕಣಪ್ಪ. ಸೂಜಿ ಚುಚ್ಚಿ ಅಂದ್ರೂ ಚುಚ್ಚಾಕಿಲ್ಲ,” ಎಂದರು. ನನ್ನ ಅನುಮಾನ ಇನ್ನಷ್ಟು ಬಲವಾಯಿತು.

ಕ್ಲಿನಿಕ್ಕಿಗೆ ಭಾವ ಬೈಕಿನಲ್ಲಿ ಅಕ್ಕನನ್ನು ಕರೆತಂದು ತಾವು ಹೊರಗೇ ಕೂತರು. ಡಾಕ್ಟರಿಗೆ ತೋರಿಸಿಕೊಳ್ಳುವುದೆಂದರೆ ಅವರಿಗೆ ಮೊದಲಿನಿಂದಲೂ ಆಗದು. ನಾನೂ ಅಕ್ಕನೂ ಒಳಗೆ ಹೋದರೆ ಡಾಕ್ಟರಮ್ಮ, ಹಸು ಕರು ಹಾಕಿತೇ ಎಂದು ಅಕ್ಕನನ್ನು ವಿಚಾರಿಸತೊಡಗಿದರು. ನನಗೆ ಮೈ ಉರಿಯಿತು. ನಮ್ಮ ಪೇಟೆಯಲ್ಲಾಗಿದ್ದರೆ ಇಷ್ಟರಲ್ಲಿ ಚೀಟಿ ಕೈಗೆ ಬಂದು ಮುಂದಿನವರನ್ನು ಕರೆದಾಗಿರುತ್ತಿತ್ತು.

“ನಿಮ್ಮ ಯಜಮಾನ್ರು ದಾರೀಲಿ ಸಿಕ್ಕಾಗ ತಲೆಸುತ್ತು ಅಂತಿದ್ರಲ್ಲ, ಈಗ ಹೇಗಿದ್ದಾರೆ?” ಎಂದು ಡಾಕ್ಟರಮ್ಮ ಕೇಳಿದರು.

“ಈಗ ಚೆನ್ನಾಗವ್ರೆ,” ಎಂದಳು ಅಕ್ಕ.

“ಯಾರ ಮಾತ್ರೆ ನುಂಗಿ?”

ಅಕ್ಕ ತಲೆ ತಗ್ಗಿಸಿದಳು. “ನಂದ್ರಲ್ಲೇ ಅರ್ಧ ಮುರ್ದು ಕೊಡ್ತೀನಿ ಕಣಮ್ಮ. ಆಸ್ಪತ್ರೆಗ್ ಬನ್ನಿ ಅಂದ್ರೆ ಬರಾಕಿಲ್ಲ. ನಾನೊಬ್ಳೇ ನುಂಗ್ಬುಟ್ಟು ಎಂಗ್ ಸುಮ್ಕಿರನ?”

ನನಗೆ ಭಯವೂ ಸಿಟ್ಟೂ ಒಟ್ಟಿಗೇ ಬಂದವು. ನಾವು ಪವರ್ ಏರಿಸಿದಂತೆಲ್ಲ, ಯಾವ ಡಾಕ್ಟರೂ ನೋಡದ ಭಾವನ ಹೊಟ್ಟೆಗೂ ಅದರ ಪಾಲು ಹೋಗುತ್ತಿತ್ತು.

“ನಿಮಗೆ ಮೊದಲೇ ಗೊತ್ತಿತ್ತಾ?” ಎಂದು ಡಾಕ್ಟರಮ್ಮನನ್ನು ಸ್ವಲ್ಪ ಗಡುಸಾಗಿಯೇ ಕೇಳಿದೆ.

“ಅನುಮಾನ ಇತ್ತು. ಅದಕ್ಕೇ ಏರಿಸಲಿಲ್ಲ,” ಎಂದು ಅವರು ಭಾವನನ್ನು ಒಳಗೆ ಕರೆಸಿ ತೋಳಿಗೆ ಬಿಪಿ ಪಟ್ಟಿ ಸುತ್ತಿದರು. ಪರೀಕ್ಷೆ ಮಾಡಿ ಇಬ್ಬರಿಗೂ ಬೇರೆ ಬೇರೆ ಮಾತ್ರೆ ಕೊಟ್ಟರು. ಇನ್ನು ಒಬ್ಬರದನ್ನು ಇನ್ನೊಬ್ಬರು ಮುಟ್ಟಕೂಡದೆಂದು ಗದರಿದರು. ಅಕ್ಕ ಎಲ್ಲಕ್ಕೂ ತಲೆಯಾಡಿಸಿದಳು. ಅವಳನ್ನು ಪೇಟೆಗೆ ಕರೆದೊಯ್ಯುವ ಮಾತನ್ನು ನಾನು ಎತ್ತಲಿಲ್ಲ.

ಸಂಜೆ ಬಸ್ಸಿನವರೆಗೂ ಅಕ್ಕ ಮಾತ್ರೆಯ ಚೀಲ ಹಿಡಿದುಕೊಂಡೇ ಕಳಿಸಲು ಬಂದಳು. ಬಸ್ ಹೊರಟ ಮೇಲೆ ತಿರುಗಿ ನೋಡಿದೆ. ಪಕ್ಕದ ಮನೆಯ ಹೆಂಗಸೊಬ್ಬಳು ತಲೆ ಹಿಡಿದುಕೊಂಡು ಅಕ್ಕನ ಹತ್ತಿರ ಏನೋ ಹೇಳಿಕೊಳ್ಳುತ್ತಿದ್ದಳು. ಅಕ್ಕ ಅಯ್ಯೋ ಪಾಪ ಎನ್ನುವಂತೆ ಮುಖ ಮಾಡಿ, ಮಾತ್ರೆಯ ಚೀಲಕ್ಕೆ ಕೈ ಹಾಕಿದಳು.

“ನಿಲ್ಸಿ ಸಾರ್, ನಿಲ್ಸಿ!” ಎಂದು ಕಂಡಕ್ಟರಿಗೆ ಕೂಗುತ್ತಾ ಬಾಗಿಲಿಗೆ ಓಡಿದೆ.